ನಿಮಗಿದು ಗೊತ್ತೆ? ಪೇಟೆಂಟ್ ಏಜೆಂಟ್ ಆಗಲು ಕಾನೂನು ಪದವಿ ಬೇಕಿಲ್ಲ

ಶಿರಹಟ್ಟಿಯ ಬಿಎಸ್ಸಿ ಪದವೀಧರೆಯೂ ಪೇಟೆಂಟ್ ಏಜೆಂಟ್ ಆಗಬಹುದು. 1970ರ ಪೇಟೆಂಟ್ ಕಾಯ್ದೆಯ 126ನೇ ಕಲಂ ಪ್ರಕಾರ ಭಾರತದ ಪೌರತ್ವ, 21 ವರ್ಷ ತುಂಬಿದ ವಯಸ್ಸು, ವಿಜ್ಞಾನ, ಎಂಜಿನಿಯರಿಂಗ್ ಇಲ್ಲವೇ ತಂತ್ರಜ್ಞಾನದ ಪದವಿ ಇರಬೇಕು. ಅರ್ಹತಾ ಪರೀಕ್ಷೆ ಪಾಸಾಗಬೇಕು. ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕರಾಗಿ 10 ವರ್ಷ ದುಡಿದವರಿಗೆ ಈ ಪರೀಕ್ಷೆಯಿಂದ ವಿನಾಯಿತಿ ಇದೆ.

ಈ ಕಸುಬಿನ ಜೀವಾಳ ಬರವಣಿಗೆ. ಯಂತ್ರದಲ್ಲಿ ಹೊಸದೇನಿದೆ, ಯಾವುದರ ಮೇಲೆ ಹಕ್ಕು ಎಂಬುದನ್ನು ಏಜೆಂಟರು ಪೇಟೆಂಟ್ ಅರ್ಜಿಯಲ್ಲಿ ಅಳೆದು ತೂಗಿ ಬರೆಯುತ್ತಾರೆ. ಒಂದು ಪದ ಸಡಿಲವಾದರೂ ನಕಲು ಮಾಡುವವರಿಗೆ ದಾರಿ ಸಿಕ್ಕೀತು. ಪರೀಕ್ಷಕರ ಆಕ್ಷೇಪಗಳಿಗೆ ಉತ್ತರಿಸುವುದೂ ಅವರದೇ ಕೆಲಸ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು.

ನಮ್ಮ ಕಡೆ ಇದು ದೂರದ ಮಾತಲ್ಲ. ಗದಗ ಪಕ್ಕದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಕೂರಿಗೆಗಳನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಇಂಥ ಹೊಸ ಸಲಕರಣೆಗೆ ಪೇಟೆಂಟ್ ಕೇಳಬಹುದು. ಬೇಸಾಯದ ವಿಧಾನಕ್ಕೆ ಕಾಯ್ದೆ ಪೇಟೆಂಟ್ ಕೊಡುವುದಿಲ್ಲ. ರೈತರು ಮುಖ್ಯವಾಗಿ ನೆನಪಿಡಬೇಕಾದದ್ದು: ಅರ್ಜಿ ಹಾಕುವ ಮೊದಲೇ ಯಂತ್ರವನ್ನು ಊರಿಗೆಲ್ಲ ತೋರಿಸಿದರೆ ಹಕ್ಕೇ ಕೈತಪ್ಪಬಹುದು.