ವಿಶೇಷ ಶಿಕ್ಷಣ: ಕಲಿತು ಮಾಡಬೇಕಾದ ಕಾಯಕ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಶರಣಬಂಧುಗಳು ವಿರಳ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಬಾಲಕ ಗದಿಗೆಯ್ಯನಲ್ಲಿ ಅಡಗಿದ್ದ ಸಂಗೀತದ ಶಕ್ತಿಯನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಗುರುತಿಸಿದರು. ಮರುಕಪಟ್ಟು ಅನ್ನವಿಕ್ಕಿ ಸುಮ್ಮನಾಗದೆ, ಬಲ್ಲ ಗುರುಗಳಲ್ಲಿ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಆ ಪರಂಪರೆಯನ್ನು ಬೆಳೆಸಿ, 2010ರಲ್ಲಿ ಪದ್ಮಭೂಷಣ ಪುರಸ್ಕಾರಕ್ಕೆ ಪಾತ್ರರಾದರು. ಇಂತಹ ಮಕ್ಕಳಿಗೆ ಕರುಣೆಯೊಂದೇ ಸಾಲದು, ಕಲಿಸಬಲ್ಲ ಗುರುವೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಆದರೂ ಪದವಿ ಮುಗಿಸಿದ ಮಗಳು, "ನಾನು ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಓದುತ್ತೇನೆ" ಎಂದರೆ ಮನೆಯ ಹಿರಿಯರು ಹಿಂಜರಿಯುವುದುಂಟು. "ಬೇರೆ ಓದು ಇಲ್ಲವೇನವ್ವಾ?" ಎಂದು ಕೇಳುವುದೂ ಉಂಟು. ಅತ್ತ ಕೆಲವು ಮನೆಗಳಲ್ಲಿ ಮಗುವಿನ ನ್ಯೂನತೆಯನ್ನು ಪೂರ್ವಜನ್ಮದ ಕರ್ಮವೆಂದು ತಿಳಿದು, ಬಂಧುಗಳು ಬಂದಾಗ ಅದನ್ನು ಒಳಕೋಣೆಯಲ್ಲಿರಿಸುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಬಸವಾದಿ ಶರಣರ ಅನುಯಾಯಿಗಳಿಗೆ ಈ ಎರಡೂ ನಡೆಗಳು ಶೋಭಿಸವು.

ಅಲ್ಲಿ ಕಲಿಯುವುದೇನು?

ದೃಷ್ಟಿದೋಷ, ಶ್ರವಣದೋಷ, ಬೌದ್ಧಿಕ ನ್ಯೂನತೆ, ಆಟಿಸಂ ಮೊದಲಾದ ವಿಭಾಗಗಳಲ್ಲಿ ಒಂದನ್ನು ವಿದ್ಯಾರ್ಥಿಯು ಆರಿಸಿಕೊಳ್ಳುತ್ತಾನೆ. ದೃಷ್ಟಿದೋಷ ವಿಭಾಗದವರು ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಕಲಿಯಬೇಕು. ಸ್ಲೇಟಿನಲ್ಲಿ ಕಾಗದವನ್ನಿರಿಸಿ ಬಲದಿಂದ ಎಡಕ್ಕೆ ಚುಚ್ಚುತ್ತ ಬರೆಯುವುದು, ಅದನ್ನು ಮಗುಚಿ ಎಡದಿಂದ ಬಲಕ್ಕೆ ಬೆರಳಿನಿಂದ ಓದುವುದು ಮೊದಮೊದಲು ಯಾರಿಗಾದರೂ ತೊಡಕೆನಿಸುತ್ತದೆ.

ಬೌದ್ಧಿಕ ನ್ಯೂನತೆಯುಳ್ಳ ಮಗುವಿಗೆ ಕಲಿಸುವ ಕ್ರಮವೇ ಬೇರೆ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯಬೇಕು. ನಮ್ಮ ಮನೆಗಳ ವಿಭೂತಿ ಧಾರಣೆಯನ್ನೇ ನೋಡೋಣ. ಗಟ್ಟಿಯನ್ನು ಕೈಗೆತ್ತಿಕೊಳ್ಳುವುದು, ಮೂರು ಬೆರಳುಗಳನ್ನು ನೀರಿನಲ್ಲಿ ಅದ್ದುವುದು, ಗಟ್ಟಿಯ ಮೇಲೆ ತೇಯುವುದು, ಬೆರಳುಗಳನ್ನು ಹಣೆಗೆ ತರುವುದು, ಅಡ್ಡಲಾಗಿ ಎಳೆಯುವುದು: ಹೀಗೆ ಐದು ಹಂತಗಳು. ಮೊದಲ ನಾಲ್ಕನ್ನು ಮಗುವಿನ ಕೈಹಿಡಿದು ಮಾಡಿಸಿ, ಕೊನೆಯದನ್ನು ಮಾತ್ರ ಅದಕ್ಕೇ ಬಿಡುತ್ತಾರೆ. 'ನಾನೇ ಮುಗಿಸಿದೆ' ಎಂಬ ಸಂತೋಷ ಮಗುವಿಗೆ ಮೊದಲ ದಿನವೇ ದೊರೆಯುತ್ತದೆ. ಅದು ರೂಢಿಯಾದ ಮೇಲೆ ಕೊನೆಯ ಎರಡು ಹಂತಗಳು, ಅನಂತರ ಮೂರು. ಇಂತಹ ಗುರಿಗಳನ್ನು ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾಗಿ ಬರೆದಿಡುವುದೇ ವೈಯಕ್ತಿಕ ಶಿಕ್ಷಣ ಯೋಜನೆ. ಇದು ತಾಯಿಯ ಮಮತೆಯಿಂದ ಮಾತ್ರ ಬರುವ ವಿದ್ಯೆಯಲ್ಲ. ಕಲಿತಾಗ ತಾಯಿಗೂ ಬೆಳಕಾಗುವ ವಿದ್ಯೆ.

ಸಣ್ಣ ಕಾಲೇಜಿನ ಗುಣದೋಷಗಳು

ಇಂತಹ ಶಿಕ್ಷಣ ನೀಡುವ ಸಂಸ್ಥೆಗಳಲ್ಲಿ ಸಣ್ಣ ಖಾಸಗಿ ಕಾಲೇಜುಗಳೂ ಇವೆ. ವಿದ್ಯಾರ್ಥಿಗಳು ಕೆಲವರೇ ಇರುವುದರಿಂದ ಅಧ್ಯಾಪಕರು ಪ್ರತಿಯೊಬ್ಬರ ಪಾಠವನ್ನೂ ಕುಳಿತು ನೋಡಿ ತಿದ್ದಬಲ್ಲರು. ವಿಶೇಷ ಶಾಲೆಯು ಅದೇ ಆವರಣದಲ್ಲಿದ್ದರಂತೂ ಬೆಳಗ್ಗೆ ಓದಿದ್ದನ್ನು ಮಧ್ಯಾಹ್ನ ಮಕ್ಕಳೊಡನೆ ಪ್ರಯೋಗಿಸಿ ನೋಡಬಹುದು. ಆದರೆ ಅಧ್ಯಾಪಕರ ಕೊರತೆಯಿದ್ದು, ಬೋಧನಾಭ್ಯಾಸವು ದಾಖಲೆ ಪುಸ್ತಕದಲ್ಲಷ್ಟೇ ನಡೆಯುವ ಕಡೆ ಸೇರಿದರೆ, ಪದವಿ ಬಂದೀತು, ವಿದ್ಯೆ ಬಾರದು.

ಆದುದರಿಂದ ಶುಲ್ಕ ಕಟ್ಟುವ ಮುನ್ನ ತಾಯ್ತಂದೆಗಳು ವಿಚಾರಿಸಬೇಕಾದ ಸಂಗತಿಗಳಿವೆ. 1992ರ ಕಾಯಿದೆಯ ಮೇರೆಗೆ ಈ ಶಿಕ್ಷಣಕ್ಕೆ ಮನ್ನಣೆ ನೀಡುವ ಸಂಸ್ಥೆ ಭಾರತೀಯ ಪುನರ್ವಸತಿ ಪರಿಷತ್ತು. ಕಾಲೇಜಿಗೆ ಹೆಸರಿದ್ದರೆ ಸಾಲದು. ಮಗಳು ಸೇರುವ ವಿಭಾಗಕ್ಕೆ, ಸೇರುವ ವರ್ಷಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಬೇಕು. ಏಕೆಂದರೆ ವ್ಯಾಸಂಗ ಮುಗಿಸಿದವರು ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿಯಲ್ಲಿ ಹೆಸರು ದಾಖಲಿಸಿದರೆ ಮಾತ್ರ ಈ ವೃತ್ತಿಯನ್ನು ನಡೆಸಬಹುದು. ಮಾನ್ಯತೆಯಿಲ್ಲದ ಓದಿನಿಂದ ಆ ನೋಂದಣಿ ದೊರೆಯದು. ಹಣವೂ ವರ್ಷಗಳೂ ವ್ಯರ್ಥವಾಗುತ್ತವೆ. ಸಾಧ್ಯವಾದರೆ ಒಂದು ದಿನ ಕಾಲೇಜಿಗೇ ಹೋಗಿ, ಅಲ್ಲಿ ಕಲಿಯುವವರು ನಿಜವಾಗಿ ಮಕ್ಕಳ ಜೊತೆ ಇರುವರೇ ಎಂದು ಕಣ್ಣಾರೆ ಕಾಣುವುದು ಮೇಲು.

ಇವರ ಅಗತ್ಯ ಎಷ್ಟು?

1995ರ ಕಾಯಿದೆಯು ಏಳು ಬಗೆಯ ನ್ಯೂನತೆಗಳನ್ನು ಹೆಸರಿಸಿತ್ತು. 2016ರ ಕಾಯಿದೆಯು ಇಪ್ಪತ್ತೊಂದನ್ನು ಹೆಸರಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. 2022ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೆ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಹಕ್ಕು ಕಾಗದದಲ್ಲಿದ್ದರೆ ಆಯಿತೇ? ಮಗುವಿನ ಪಕ್ಕದಲ್ಲಿ ಕುಳಿತು ಕಲಿಸುವವರು ನಮ್ಮ ಮನೆಗಳಿಂದಲೇ ಹೊರಡಬೇಕು.

ಊರೂರಿಗೆ ಶಾಲೆ, ಪ್ರಸಾದ ನಿಲಯಗಳನ್ನು ಕಟ್ಟಿದ ಸಮಾಜ ನಮ್ಮದು. ಅನ್ನದಾಸೋಹದ ಪಂಕ್ತಿಯಲ್ಲಿ ಯಾರನ್ನೂ ಹೊರಗಿಡದ ನಾವು ಜ್ಞಾನದಾಸೋಹದಲ್ಲಿ ಈ ಮಕ್ಕಳನ್ನು ಹೊರಗಿಡಬಹುದೇ? ಮಗಳಾಗಲಿ ಮಗನಾಗಲಿ ಈ ಓದನ್ನು ಬಯಸಿದರೆ ತಡೆಯದಿರೋಣ. ಒಳ್ಳೆಯ ಕಾಲೇಜನ್ನು ಹುಡುಕಿ, ಹರಸಿ ಕಳುಹಿಸೋಣ. ಒಳಕೋಣೆಯಲ್ಲಿರುವ ಮಗುವನ್ನು ಪಡಸಾಲೆಗೆ ಕರೆತರೋಣ.