ಬ್ಲಾಗು ನಿಮ್ಮದು, ಬರಹವೂ ನಿಮ್ಮ ಬಳಿಯೇ ಇರಲಿ

ವರ್ಷಗಟ್ಟಲೆ ಬ್ಲಾಗಿನಲ್ಲಿ ಬರೆದದ್ದೆಲ್ಲವೂ ಒಂದು ಬೆಳಗ್ಗೆ ಕಾಣೆಯಾದರೆ? ಇದು ಬರಿಯ ಭೀತಿಯಲ್ಲ. ವೈಯಕ್ತಿಕ ಪುಟಗಳ ಬೀಡಾಗಿದ್ದ ಜಿಯೋಸಿಟೀಸ್ ಅನ್ನು ಯಾಹೂ ಸಂಸ್ಥೆ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. 2012ರಲ್ಲಿ ಟ್ವಿಟರ್ ಕೊಂಡುಕೊಂಡ ಪೋಸ್ಟರಸ್ ಮರುವರ್ಷವೇ ನಿಂತಿತು. ಹಣ ಪಡೆದು ಬ್ಲಾಗುಗಳಿಗೆ ನೆಲೆ ನೀಡುತ್ತಿದ್ದ ಟೈಪ್‌ಪ್ಯಾಡ್ ಕೂಡ 2025ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಮುನ್ಸೂಚನೆಯೇನೋ ಇತ್ತು. ಅದನ್ನು ಗಮನಿಸದವರ ಬರಹ ಮಾತ್ರ ಉಳಿಯಲಿಲ್ಲ.

ಬರಹದ ಮೂಲಪ್ರತಿಯನ್ನು ತಮ್ಮ ಗಣಕಯಂತ್ರದಲ್ಲೇ ಇಟ್ಟುಕೊಂಡು, ಸಿದ್ಧವಾದ ಪುಟಗಳನ್ನಷ್ಟೇ ಅಂತರ್ಜಾಲಕ್ಕೆ ಏರಿಸುವ ವಿಧಾನವೊಂದಿದೆ. ಅದಕ್ಕೆ ನೆರವಾಗುವ ತಂತ್ರಾಂಶವೇ ಸ್ಟಾಟಿಕ್ ಸೈಟ್ ಜನರೇಟರ್. ಕನ್ನಡದಲ್ಲಿ ಸ್ಥಿರತಾಣ ನಿರ್ಮಾಪಕ ಎನ್ನಬಹುದು.

ದೋಸೆಯೂ ಚಕ್ಕುಲಿಯೂ

ವರ್ಡ್‌ಪ್ರೆಸ್‌ನಂತಹ ವ್ಯವಸ್ಥೆ ಹೋಟೆಲಿನ ದೋಸೆಯಂತೆ. ಓದುಗ ಕೇಳಿದ ಮೇಲೆ ಸರ್ವರ್ ದತ್ತಸಂಚಯದಿಂದ ಬರಹವನ್ನು ತೆಗೆದು, ಪುಟವನ್ನು ಹೊಯ್ದು ಕೊಡುತ್ತದೆ. ಸ್ಥಿರತಾಣವು ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಟ್ಟ ಚಕ್ಕುಲಿ. ಪುಟಗಳೆಲ್ಲವೂ ಮೊದಲೇ ಸಿದ್ಧ. ಕೇಳಿದವರಿಗೆ ಎತ್ತಿಕೊಡುವುದಷ್ಟೇ ಸರ್ವರ್‌ನ ಕೆಲಸ. ದತ್ತಸಂಚಯವಿಲ್ಲದ ಕಾರಣ ಕನ್ನ ಹಾಕುವವರಿಗೆ ಅವಕಾಶ ಕಡಿಮೆ, ಪುಟ ತೆರೆಯುವುದೂ ಬೇಗ.

ಗಿಟ್‌ಹಬ್ ಸಂಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿ ಹೊರತಂದ ಜೆಕಿಲ್ ಈ ಬಗೆಯ ತಂತ್ರಾಂಶಗಳನ್ನು ಜನಪ್ರಿಯಗೊಳಿಸಿತು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಆರಂಭಿಸಿದ ಹ್ಯೂಗೊ ಹೊಸಬರಿಗೆ ಇನ್ನೂ ಸುಲಭವೆಂದು ಹೇಳಬೇಕು. ಜೆಕಿಲ್‌ಗೆ ರೂಬಿ ಎಂಬ ಭಾಷೆಯ ಪರಿಕರಗಳನ್ನೆಲ್ಲ ಮೊದಲು ಸ್ಥಾಪಿಸಿಕೊಳ್ಳಬೇಕು. ಹ್ಯೂಗೊ ಒಂದೇ ಕಡತದಲ್ಲಿ ದೊರೆಯುತ್ತದೆ. ಎರಡೂ ಉಚಿತ.

ಹ್ಯೂಗೊಗೆ ಹೊಸ ತಾಣ ರಚಿಸುವಂತೆ ಆದೇಶ ನೀಡಿದರೆ ಕೆಲವು ಕಡತಕೋಶಗಳು ಹುಟ್ಟುತ್ತವೆ. ಉಚಿತವಾಗಿ ಸಿಗುವ ವಿನ್ಯಾಸವೊಂದನ್ನು ‘ಥೀಮ್ಸ್’ ಕೋಶದಲ್ಲಿ ಇಟ್ಟು, ಬರಹಗಳನ್ನು ‘ಕಂಟೆಂಟ್’ ಕೋಶದಲ್ಲಿ ಬರೆಯಬೇಕು. ಬರೆಯುವ ಕ್ರಮ ಮಾರ್ಕ್‌ಡೌನ್. ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ್ದು. ಸಾಲಿನ ಮೊದಲು # ಇಟ್ಟರೆ ಶೀರ್ಷಿಕೆ, ಪದದ ಇಕ್ಕೆಲಗಳಲ್ಲಿ ಎರಡೆರಡು ನಕ್ಷತ್ರ ಚಿಹ್ನೆ ಇಟ್ಟರೆ ದಪ್ಪಕ್ಷರ. ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದಾದ ಸಾದಾ ಪಠ್ಯವಾದ್ದರಿಂದ ಹ್ಯೂಗೊ ಇಲ್ಲದಿದ್ದರೂ ಬರಹ ಕೆಡದು. ಕಡತದ ತಲೆಭಾಗದಲ್ಲಿ ಶೀರ್ಷಿಕೆ, ದಿನಾಂಕಗಳ ಜತೆ ಕರಡು ಹೌದೋ ಅಲ್ಲವೋ ಎಂಬ ಸೂಚನೆ ಇರುತ್ತದೆ. ಅದನ್ನು ‘ಹೌದು’ ಎಂದೇ ಬಿಟ್ಟು, ಬರಹವೇಕೆ ಪ್ರಕಟವಾಗಲಿಲ್ಲವೆಂದು ತಲೆ ಕೆರೆದುಕೊಳ್ಳುವ ಹೊಸಬರುಂಟು!

ಪುಟ ಹೇಗೆ ಕಾಣುವುದೆಂದು ನಿಮ್ಮ ಯಂತ್ರದಲ್ಲೇ ನೋಡಿಕೊಳ್ಳಬಹುದು. ತೃಪ್ತಿಯಾದ ಮೇಲೆ ಹ್ಯೂಗೊ ಎಂದಷ್ಟೇ ಆದೇಶಿಸಿದರೆ ‘ಪಬ್ಲಿಕ್’ ಕೋಶದಲ್ಲಿ ಇಡೀ ತಾಣ ಸಿದ್ಧ.

ಕನ್ನಡಕ್ಕೆ ಬೇಕಾದ ಎಚ್ಚರ

ಇಂಗ್ಲಿಷ್ ಮಾರ್ಗದರ್ಶಿಗಳು ಹೇಳದ ಕೆಲವು ಸಂಗತಿಗಳಿವೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಉಳಿಸಿದ ಲೇಖನಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲವಾದರೆ ಆ ಅಕ್ಷರಶೈಲಿ ಇಲ್ಲದವರಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಷ್ಟೇ ಕಾಣುತ್ತವೆ. ಸಂರಚನಾ ಕಡತದಲ್ಲಿ ಭಾಷೆಯ ಸಂಕೇತವನ್ನು ಕನ್ನಡಕ್ಕೆ ಬದಲಿಸಿದರೆ, ದೃಷ್ಟಿವಿಕಲರು ಬಳಸುವ ಓದು ತಂತ್ರಾಂಶಗಳಿಗೆ ಪುಟದ ಭಾಷೆ ಯಾವುದೆಂದು ತಿಳಿಯುತ್ತದೆ. ಇಂಗ್ಲಿಷಿಗಾಗಿ ರಚಿಸಿದ ವಿನ್ಯಾಸಗಳಲ್ಲಿ ಸಾಲುಗಳ ಅಂತರ ಕಿರಿದಾಗಿರುವುದುಂಟು. ಅದನ್ನು ಹಿಗ್ಗಿಸದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಪುಟದ ವಿಳಾಸದ ವಿಚಾರ ಇನ್ನೂ ಮುಖ್ಯ. ಹ್ಯೂಗೊ ಸಾಮಾನ್ಯವಾಗಿ ಕಡತದ ಹೆಸರಿನಿಂದಲೇ ವಿಳಾಸ ರಚಿಸುತ್ತದೆ. ಹೆಸರು ಕನ್ನಡದಲ್ಲಿದ್ದರೆ, ಕೊಂಡಿಯನ್ನು ನಕಲು ಮಾಡಿ ಮಿತ್ರರಿಗೆ ಕಳುಹಿಸುವಾಗ ಒಂದೊಂದು ಅಕ್ಷರಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಒಡೆಯುವುದುಂಟು. ‘ಕನ್ನಡ’ ಎಂಬ ಮೂರಕ್ಷರದ ಪದದಲ್ಲಿ ಯೂನಿಕೋಡ್ ಲೆಕ್ಕದಂತೆ ಐದು ಸಂಕೇತಗಳಿದ್ದು, ಅದೊಂದೇ ಪದ 45 ಚಿಹ್ನೆಗಳ ಸಾಲಾಗುತ್ತದೆ. ಬರಹ ಕನ್ನಡದಲ್ಲಿರಲಿ, ಕಡತದ ಹೆಸರು ಮಾತ್ರ ರೋಮನ್ ಲಿಪಿಯಲ್ಲಿರುವುದು ಅನುಕೂಲ. ಕನ್ನಡಾಭಿಮಾನಿಗಳು ಕ್ಷಮಿಸಬೇಕು.

ಇಡುವುದೆಲ್ಲಿ?

ಸಿದ್ಧ ತಾಣಕ್ಕೆ ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಮುಂತಾದವು ಉಚಿತ ನೆಲೆ ನೀಡುತ್ತವೆ. ಗಿಟ್‌ಹಬ್‌ನಲ್ಲಿ ತಾಣದ ಗಾತ್ರ 1 ಗಿಗಾಬೈಟ್ ಮೀರಬಾರದು, ತಿಂಗಳ ದತ್ತಾಂಶ ಸಾಗಣೆಗೆ 100 ಗಿಗಾಬೈಟ್‌ನ ಮಿತಿಯಿದೆ. ಪಠ್ಯವೇ ಪ್ರಧಾನವಾದ ಬ್ಲಾಗಿಗೆ ಇದು ಧಾರಾಳ. ಉಚಿತ ಖಾತೆಯಲ್ಲಿ ಕಡತಗಳ ಸಂಗ್ರಹ ಸಾರ್ವಜನಿಕವಾಗಿಯೇ ಇರಬೇಕಾದ್ದರಿಂದ ಅರೆಬರೆ ಕರಡುಗಳನ್ನು ಅಲ್ಲಿಗೆ ಏರಿಸದಿರುವುದು ಒಳಿತು.

ತೊಡಕುಗಳಿಲ್ಲವೆಂದಲ್ಲ. ಓದುಗರ ಪ್ರತಿಕ್ರಿಯೆಗೆ ಬೇರೊಂದು ಸೇವೆಯನ್ನು ಜೋಡಿಸಬೇಕು. ಬಸ್ಸಿನಲ್ಲಿ ಕುಳಿತು ಮೊಬೈಲ್‌ನಿಂದ ಬರೆದು ಪ್ರಕಟಿಸುವುದು ಪ್ರಯಾಸದ ಕೆಲಸ. ಹ್ಯೂಗೊ ಆವೃತ್ತಿ ಬದಲಾದಾಗ ಹಳೆಯ ವಿನ್ಯಾಸ ಕೈಕೊಡುವುದೂ ಉಂಟು, ಬಳಸುತ್ತಿರುವ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಾಲ್ಕಾರು ಮಂದಿ ದಿನವಿಡೀ ಸುದ್ದಿ ಏರಿಸುವ ತಾಣಕ್ಕೆ ವರ್ಡ್‌ಪ್ರೆಸ್ ಸೂಕ್ತ. ವಾರಕ್ಕೊಂದು ಲೇಖನ ಬರೆಯುವ ಒಬ್ಬರಿಗೆ ಅಷ್ಟು ಭಾರದ ವ್ಯವಸ್ಥೆ ಬೇಕಿಲ್ಲ.

ಇಲ್ಲಿ ಖರ್ಚು ಮಾಡಲೇಬೇಕಾದ ಬಾಬತ್ತು ಒಂದಿದ್ದರೆ ಅದು ಸ್ವಂತ ಡೊಮೈನ್ ಹೆಸರು. ಉಚಿತ ನೆಲೆ ನೀಡಿದ ಸಂಸ್ಥೆ ನಾಳೆ ಮುಚ್ಚಿದರೂ ‘ಪಬ್ಲಿಕ್’ ಕೋಶವನ್ನು ಇನ್ನೊಂದೆಡೆ ಏರಿಸಿ, ಹೆಸರನ್ನು ಅತ್ತ ತಿರುಗಿಸಿದರಾಯಿತು. ಓದುಗರು ಉಳಿಸಿಕೊಂಡ ಹಳೆಯ ಕೊಂಡಿಗಳೆಲ್ಲವೂ ಮೊದಲಿನಂತೆಯೇ ತೆರೆಯುತ್ತವೆ. ಆದರೆ ಡೊಮೈನ್ ಹೆಸರನ್ನು ಅವಧಿ ಮುಗಿಯುವ ಮೊದಲು ನವೀಕರಿಸದಿದ್ದರೆ ಅದು ಬೇರೆಯವರ ಪಾಲಾಗಬಹುದು. ನೋಂದಣಿಗೆ ನೀವು ಈಗಲೂ ತೆರೆದು ನೋಡುವ ಇ-ಮೇಲ್ ವಿಳಾಸವನ್ನೇ ಕೊಡಿ, ನವೀಕರಣದ ಎಚ್ಚರಿಕೆ ಬರುವುದು ಅಲ್ಲಿಗೇ.