ಮುಟ್ಟಾಗದ ಹುಡುಗಿಯ ಮೂಳೆಯ ಬಗ್ಗೆ ಯಾರು ಕೇಳ್ತಾರೆ?

ಹದಿನೈದು ದಾಟಿದರೂ ಹುಡುಗಿ ‘ದೊಡ್ಡವಳಾಗಿಲ್ಲ’ ಅಂದರೆ ನಮ್ಮಲ್ಲಿ ಮೊದಲು ಹರಕೆ, ಆಮೇಲೆ ಮದುವೆ ಹೇಗೆ ಅನ್ನೋ ಚಿಂತೆ. ಅವಳ ಮೂಳೆ ಏನಾಗ್ತಿದೆ ಅಂತ ಯಾರೂ ಕೇಳಲ್ಲ. ನನ್ನ ಮನೆಯಲ್ಲೂ ಕೇಳಲಿಲ್ಲ. ನನಗಿರುವುದು ಟರ್ನರ್ ಸಿಂಡ್ರೋಮ್.

ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತವೆ. ಟರ್ನರ್ ಇರುವವರಲ್ಲಿ ಒಂದು ಪೂರ್ತಿಯಾಗಿ ಅಥವಾ ಭಾಗಶಃ ಇರುವುದಿಲ್ಲ. ಸುಮಾರು 2000-2500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಗ್ರಹಣ, ಸೋದರಿಕೆ ಮದುವೆ, ಅಮ್ಮನ ವಯಸ್ಸು ಯಾವುದೂ ಇದಕ್ಕೆ ಕಾರಣವಲ್ಲ.

ಬಹುತೇಕರಲ್ಲಿ ಅಂಡಾಶಯ ಬಾಲ್ಯದಲ್ಲೇ ಸೊರಗಿಬಿಡುತ್ತದೆ, ಹಾಗಾಗಿ ಈಸ್ಟ್ರೋಜನ್ ಇರಲ್ಲ. ಈ ಹಾರ್ಮೋನು ಬರೀ ಮುಟ್ಟಿಗಲ್ಲ. ನಮ್ಮ ಮೂಳೆ ದಿನವೂ ಸವೆಯುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಸವೆತಕ್ಕೆ ಕಡಿವಾಣ ಹಾಕುವುದೇ ಈಸ್ಟ್ರೋಜನ್. ಮೂಳೆ ಗಟ್ಟಿಯಾಗಬೇಕಾದ ಹದಿಹರೆಯದಲ್ಲೇ ಅದಿಲ್ಲ ಅಂದ್ರೆ, ಅಜ್ಜಿಗೆ ಐವತ್ತರ ಮೇಲೆ ಶುರುವಾದ ಕಷ್ಟ ಮೊಮ್ಮಗಳಿಗೆ ಹದಿನೈದಕ್ಕೇ ಶುರು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ ಸೇರಿದರಂತೂ ಇನ್ನೂ ಕಷ್ಟ.

ಚಿಕಿತ್ಸೆ ಇದೆ. 11-12ರ ವಯಸ್ಸಿಗೆ ಅತಿ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಶುರು ಮಾಡಿ, ಎರಡು-ಮೂರು ವರ್ಷದಲ್ಲಿ ನಿಧಾನವಾಗಿ ಏರಿಸಿ, ನಂತರ ಪ್ರೊಜೆಸ್ಟರಾನ್ ಸೇರಿಸುತ್ತಾರೆ. ಸುಮಾರು ಐವತ್ತರವರೆಗೂ ಮುಂದುವರಿಸಬೇಕು. ನನಗೆ ಮೊದಲು ಸಿಕ್ಕ ಡಾಕ್ಟರ್ ಗರ್ಭನಿರೋಧಕ ಮಾತ್ರೆ ಬರೆದು ಕಳಿಸಿದ್ರು. ‘ಮುಟ್ಟು ಬರುತ್ತಲ್ಲ, ಸಾಕು’ ಅನ್ನೋ ಧಾಟಿ. ಬೆಳೆಯುವ ದೇಹಕ್ಕೆ ಆ ಡೋಸ್ ಹೆಚ್ಚು. ಮೇಲಾಗಿ ಆ ಮಾತ್ರೆಗಳಲ್ಲಿ ತಿಂಗಳಿಗೊಂದು ವಾರ ಹಾರ್ಮೋನೇ ಇರಲ್ಲ.

ಇನ್ನೊಂದು ವಿಷಯ. ಡೆಕ್ಸಾ ಸ್ಕ್ಯಾನ್ ಮೂಳೆಯ ಸಾಂದ್ರತೆಯನ್ನು ವಿಸ್ತೀರ್ಣದ ಲೆಕ್ಕದಲ್ಲಿ ಅಳೆಯುತ್ತದೆ. ಕುಳ್ಳಗಿರುವವರ ಮೂಳೆ ಚಿಕ್ಕದು, ಹಾಗಾಗಿ ರಿಪೋರ್ಟ್ ನಿಜಕ್ಕಿಂತ ಕೆಟ್ಟದಾಗಿ ಕಾಣಬಹುದು. ಎತ್ತರಕ್ಕೆ ಹೊಂದಿಸಿ ಓದಿದ್ದಾರಾ ಅಂತ ಕೇಳಿ, ಆಮೇಲೆ ಹೆದರಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಟರ್ನರ್ ಹೆಸರಿಲ್ಲ. ವಯಸ್ಕರಾದಾಗ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ಕುಬ್ಜತೆ’ಯ ಅಡಿ ಬರಬಹುದು. ಅಂದರೆ ಸರ್ಕಾರಕ್ಕೆ ಕಾಣುವುದು ನನ್ನ ಎತ್ತರ ಮಾತ್ರ, ಒಳಗೆ ಸವೆಯುತ್ತಿರುವ ಮೂಳೆಯಲ್ಲ.

ಪತ್ತೆ ಹಚ್ಚಲು ಕ್ಯಾರಿಯೋಟೈಪ್ ಎಂಬ ಒಂದು ರಕ್ತಪರೀಕ್ಷೆ ಸಾಕು. ಆದರೆ ಅದನ್ನು ಮಾಡಿಸಿ ಅಂತ ಯಾರಾದ್ರೂ ಹೇಳಬೇಕಲ್ಲ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ತಪಾಸಣೆಗೆ ಶಾಲೆಗೇ ಬರುತ್ತವೆ. ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡ್ತಾರೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ‘ನಂಗೆ ಬೇಡ ಮಿಸ್’ ಅಂದರೆ, ಯಾಕೆ ಅಂತ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಲು ಹೊಸ ಬಜೆಟ್ಟೇನೂ ಬೇಕಿಲ್ಲ.